ನಡುಗೋಡೆಯ ಎ.ಸಿ.

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗುವಷ್ಟರಲ್ಲಿ ರಾಮಲಿಂಗಯ್ಯನ ಮೈಗೆ ಸಾಹೇಬರ ಕೋಣೆಯ ತಂಪು ಹತ್ತಿಬಿಟ್ಟಿತು. ಫೈಲು ಕೊಡಲು ಒಳಗೆ ಹೋದ ಪುಣ್ಯಾತ್ಮ ಹೊರಗೆ ಬರುತ್ತಲೇ ಇರಲಿಲ್ಲ. ಸಾಹೇಬರು ಹೊಸ ಎ.ಸಿ. ಹಾಕಿಸಿ, ಹಳೆಯ ಕಿಟಕಿ ಎ.ಸಿ.ಯನ್ನು ಇವನಿಗೇ ಕೊಟ್ಟು ಕೈತೊಳೆದುಕೊಂಡರು.

ಭಾನುವಾರ ಬೆಳಗ್ಗೆಯೇ ಮೆಕ್ಯಾನಿಕ್ ಗಫಾರನನ್ನು ಕರೆತಂದ. ಮನೆಯೋ ತಾತನ ಕಾಲದ್ದು, ಮೊಳ ದಪ್ಪದ ಮಣ್ಣುಗೋಡೆ. ಅವನ ಕೋಣೆಗಿದ್ದದ್ದು ಒಂದೇ ಕಿಟಕಿ, ಅದೂ ನಡುಗೋಡೆಯಲ್ಲಿ. ಆಚೆ ಹೆಂಡತಿ ಬೋರಮ್ಮನ ರೇಷ್ಮೆಹುಳುವಿನ ಮನೆ. ಹುಳುಗಳಿಗೆ ತಂಪಾಗಲೆಂದು ಅವಳು ಆ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದಳು.

“ಇನ್ನೂ ಯಾವ ಕಾಲ್ದಲ್ಲಿದ್ದೀಯೇ? ಗೋಣಿತಾಟಂತೆ, ನೀರು ಚಿಮುಕ್ಸೋದಂತೆ!” ಎಂದು ಅದನ್ನು ಕಿತ್ತೆಸೆದ.

“ನಾಕ್ನೇ ಸಲ ಪೊರೆ ಬಿಟ್ಟು ಜ್ವರ ಎದ್ದವೆ ಕಣ್ರೀ. ಇನ್ನೊಂದ್ ವಾರಕ್ಕೆ ಗೂಡು ಕಟ್ತವೆ. ಹುಳಕ್ಕೇನಾರ ಆದ್ರೆ ಬೆಳೆ ಹೋಯ್ತು, ನೋಡ್ಕಳಿ!”

ಕೇಳುವವರಾರು? ಎ.ಸಿ. ಗುರ್ ಎಂದಿತು. ರಾಮಲಿಂಗಯ್ಯ ಏಪ್ರಿಲ್ ಬಿಸಿಲಲ್ಲಿ ಕಂಬಳಿ ಹೊದ್ದು ಮಲಗಿದ. ಪಕ್ಕದ ಮನೆಯ ಮುನಿಶಾಮಯ್ಯ ಇಣುಕಿ, “ಬಾಗ್ಲು ಮುಚ್ಲಾ, ತಂಪು ಓಡೋಯ್ತದೆ” ಎಂದು ಬುದ್ಧಿ ಹೇಳಿ, ತಾನೂ ಒಳಗೇ ಉಳಿದುಕೊಂಡ.

ಅರ್ಧ ಗಂಟೆಯೂ ಆಗಿರಲಿಲ್ಲ. ಸೊಪ್ಪು ಹಾಕಲು ಬಂದಿದ್ದ ಸಿದ್ದಮ್ಮ ಹುಳುಮನೆಯಿಂದ ಕೂಗಿಕೊಂಡಳು.

“ಬೋರಕ್ಕಾ, ಬಿರ್ನೆ ಬಾ! ಹುಳ ಸೊಪ್ಪೇ ಮುಟ್ತಿಲ್ಲ. ಇಲ್ಲಿ ಒಲೆ ಮುಂದೆ ಕುಂತಂಗೈತೆ!”

ಎ.ಸಿ.ಯ ಬೆನ್ನು ಹುಳುಮನೆಗಿತ್ತು. ಈಚೆ ತಂಪು ಊದಿದಷ್ಟೂ ಆಚೆ ಬಿಸಿ ಉಗುಳುತ್ತಿತ್ತು.

“ಹುಳ ಸಾಯ್ಸಿ ಕಂಬ್ಳಿ ಹೊದ್ಕಂಡ್ ಮಲಗಿದ್ದೀಯಲ್ಲೋ!” ಎಂದು ಮೊದಲು ಬೈದವನು ಅದೇ ಕಂಬಳಿಯ ಇನ್ನೊಂದು ತುದಿಯಲ್ಲಿದ್ದ ಮುನಿಶಾಮಯ್ಯ.

ರಾಮಲಿಂಗಯ್ಯ ಕಂಬಳಿ ಕೊಡವಿ ಎದ್ದ. ಹುಳುವಿನ ಚಿಂತೆ ಒಂದು ಕಡೆ, ಎ.ಸಿ. ತಿಪ್ಪೆಗೆ ಹೋಗುವುದಲ್ಲಾ ಎಂಬ ಸಂಕಟ ಇನ್ನೊಂದು ಕಡೆ. ಆದರೆ ಬೋರಮ್ಮ ಕೂಗಾಡಲೇ ಇಲ್ಲ.

“ಎ.ಸಿ. ಇಲ್ಲೇ ಇರ್ಲಿ, ಓಡ್ತಾನೇ ಇರ್ಲಿ. ಗಫಾರಣ್ಣ ಇನ್ನೂ ಹೋಗಿಲ್ಲ, ಒಸಿ ಸರಿಮಾಡ್ತಾರೆ. ನೀವು ಹೋಗಿ ಸೊಪ್ಪು ಕುಯ್ಕಂಡ್ ಬನ್ನಿ.”

ಇಂಥ ಹೆಂಡತಿ ಯಾರಿಗುಂಟು! ಸುಡುಬಿಸಿಲಲ್ಲಿ ಎರಡು ಹೊರೆ ಸೊಪ್ಪು ಕೊಯ್ದು ತಂದು ಹಾಕಿದ. ಎ.ಸಿ. ಓಡುತ್ತಿತ್ತು. ಹುಳುಗಳು ಚರಚರ ಸೊಪ್ಪು ಮೇಯುತ್ತಿದ್ದವು. ಓಡಿ ಬಂದು ಕೋಣೆ ಸೇರಿ, ಬಾಗಿಲು ಭದ್ರಪಡಿಸಿ, ಕಂಬಳಿ ಎಳೆದುಕೊಂಡ.

ಐದು ನಿಮಿಷಕ್ಕೆ ಬೆವರು ಧಾರಾಕಾರ. ಎದ್ದು ನೋಡಿದರೆ ಎ.ಸಿ.ಯ ಮುಖ ಹುಳುಮನೆಗೆ, ಬೆನ್ನು ಅವನಿಗೆ!

“ಏನೇ ಇದು?”

“ಅವುಗಳ ತಂಪು ಕಿತ್ಕಂಡೋರು ನೀವೇ ತಾನೆ? ಗೂಡು ಕಟ್ಟೋಗಂಟ ಅವಕ್ಕಿರ್ಲಿ” ಎಂದಳು ಬೋರಮ್ಮ. ಬಾಗಿಲು ತೆಗೆಸಿ, ಅವನೇ ಎಸೆದಿದ್ದ ಗೋಣಿತಾಟನ್ನು ಅವನ ಕೈಗಿಟ್ಟಳು. “ನೀರಲ್ಲದ್ದಿ ಬಾಗ್ಲಿಗೆ ಕಟ್ಕಳಿ. ಬಲೇ ತಂಪು!”

ರಾಮಲಿಂಗಯ್ಯ ಬಕೆಟ್ ಹುಡುಕಿದ.