ಸರೋಜಮ್ಮನವರ ಇಲಿ

ನನ್ನ ಕಣ್ಣಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಕನ್ನಡಕ ಬಂದ ಮೇಲೂ ಅದು ಇಳಿಯಲಿಲ್ಲ. ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನಿಗೆ ಅಷ್ಟೂ ಇರದಿದ್ದರೆ ಹೇಗೆ? ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಹಿರೀಸಾವೆಯ ಹತ್ತಿರ ಇಲಿ ಹಿಡಿಯಲು ಹೋಗಿದ್ದೆ. ರಾಗಿ ಹೊಲದ ಇಲಿಗಳಿಗೆ ಬೆಳ್ಳನೆಯ ಹೊಟ್ಟೆ, ಪಕ್ಕದ ತೆಂಗಿನ ತೋಟದವಕ್ಕೆ ಬೂದು ಹೊಟ್ಟೆ. ಇವು ಬೇರೆ ಬೇರೆ ಪ್ರಭೇದ, ತೋಟದ್ದಂತೂ ಜಗತ್ತಿಗೇ ಹೊಸದು ಎಂದು ನಿಂತ ಕಾಲಲ್ಲೇ ತೀರ್ಮಾನಿಸಿಬಿಟ್ಟೆ. ಹೊಲದ ಯಜಮಾನರಾದ ಸಿದ್ದೇಗೌಡರ ಅಭಿಪ್ರಾಯವನ್ನೂ ಕೇಳಿದೆ. "ನೀವು ಬ್ಯಾರೆ ಅಂದ್ರೆ ಬ್ಯಾರೆನೇ ಕಣ್ ಸಾ, ಒಂದೇ ಅಂದ್ರೆ ಒಂದೇಯ. ಒಟ್ನಲ್ಲಿ ಎಲ್ಲಾನೂವೆ ಇಡ್ಕಂಡ್ ಓಗಿ" ಎಂದರು. ಇದನ್ನು ನಾನು ಸಮರ್ಥನೆ ಎಂದೇ ಭಾವಿಸಿದೆ.

ಆದರೆ ಕಾಲ ಕೆಟ್ಟಿದೆ ನೋಡಿ, ಕಣ್ಣಿನ ಮಾತನ್ನು ಯಾರೂ ನಂಬುವುದಿಲ್ಲ. ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದ ನನ್ನ ಹಳೆಯ ಶಿಷ್ಯೆ, "ಸರ್, ಪ್ರತಿ ಇಲಿಯ ಕಿವಿಯಿಂದ ಒಂದು ಚೂರು ತೆಗೆದಿಡಿ, ಡಿಎನ್ಎ ನೋಡಿ ಹೇಳೋಣ" ಎಂದಳು. ಅವಳು ಬಂದು ಒಯ್ಯುವವರೆಗೆ ಆ ಚೂರುಗಳು ಸ್ಪಿರಿಟ್ಟಿನ ಸೀಸೆಗಳಲ್ಲಿ ತಣ್ಣಗಿರಬೇಕು. ನಮ್ಮ ಕಾಲೇಜಿನ ಫ್ರಿಜ್ಜು ಕೆಟ್ಟು, ಅದರಲ್ಲಿ ಸೀಮೆಸುಣ್ಣ ಇಡುತ್ತಿದ್ದರು. ಉಳಿದದ್ದು ಮನೆಯದು.

"ಹಾಲು, ಮೊಸರು, ದೇವರ ಹೂವು ಇಡೋ ಜಾಗದಲ್ಲಿ ಇಲಿ ಕಿವೀನಾ? ಅದು ಒಳಗೆ ಬಂದ್ರೆ ನಾನು ಚನ್ನರಾಯಪಟ್ಟಣಕ್ಕೆ ಹೊರಟೆ" ಎಂದಳು ನನ್ನ ಹೆಂಡತಿ ಸರೋಜ. ತವರು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದ್ದರಿಂದ ಈ ಬೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಗತ್ಯಂತರವಿಲ್ಲದೆ, ಹೊಸ ಇಲಿಗೆ ನಿನ್ನ ಹೆಸರನ್ನೇ ಇಡುತ್ತೇನೆ, ಲ್ಯಾಟಿನ್ನಿನಲ್ಲಿ, ಪ್ರಪಂಚ ಇರುವವರೆಗೂ ಇರುತ್ತದೆ ಎಂದೆ. ಇಲಿಗೆ ನನ್ನ ಹೆಸರೇ ಎಂದು ಮಾತು ಬಿಟ್ಟಳು. ಆಮೇಲೆ ತಾನಾಗಿಯೇ ತರಕಾರಿ ಡಬ್ಬ ಖಾಲಿ ಮಾಡಿಕೊಟ್ಟಳು. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯವರು, "ಸರೋಜಮ್ಮನವರ ಇಲಿ ಹೇಗಿದೆ?" ಎಂದು ನನ್ನನ್ನು ವಿಚಾರಿಸತೊಡಗಿದರು. ತವರಿಗೂ ಫೋನು ಹೋಗಿತ್ತು. ಆ ಇಲಿ ಹೊಸ ಪ್ರಭೇದವಾಗದಿದ್ದರೆ ನನಗೆ ಉಳಿಗಾಲವಿಲ್ಲ ಎಂದು ನಿಜಕ್ಕೂ ಹೆದರಿದೆ.

ಸೀಸೆಗಳನ್ನು ಒಯ್ದಿದ್ದ ಶಿಷ್ಯೆ ಕೊನೆಗೆ ಫೋನು ಮಾಡಿದಳು. "ಸರ್, ಬೂದು ಹೊಟ್ಟೆಯವು ಹೊಸದೇನಲ್ಲ, ಮಾಮೂಲಿ ಹೊಲದಿಲಿ. ಬಣ್ಣ ಹಾಗೆ ಹೆಚ್ಚುಕಮ್ಮಿ ಆಗುತ್ತೆ. ಆದರೆ ನೀವು ಒಂದೇ ಅಂದಿದ್ದ ಬಿಳಿ ಹೊಟ್ಟೆಯವುಗಳಲ್ಲಿ ಎರಡು ಪ್ರಭೇದ ಸೇರಿಕೊಂಡಿವೆ." ಆಸೆಯಿಂದ, ಅದರಲ್ಲೊಂದು ಹೊಸದೇನಮ್ಮಾ ಎಂದೆ. ಎರಡಕ್ಕೂ ಯಾವ ಕಾಲದಲ್ಲೋ ನಾಮಕರಣವಾಗಿತ್ತು.

ಅವರೆಕಾಳು ಹಿತುಕುತ್ತ ಕೂತಿದ್ದ ಸರೋಜಳಿಗೆ ತೊದಲುತ್ತ ವಿಷಯ ತಿಳಿಸಿದೆ. ಅವಳು ತಲೆ ಎತ್ತಲಿಲ್ಲ. "ಹೆಣ್ಣು ನೋಡೋಕೆ ಬಂದಾಗ ಕರೆಂಟು ಹೋಗಿ, ಲಾಟೀನು ಬೆಳಕಲ್ಲಿ ನನ್ನ ನೋಡಿದ್ರಿ. ನಿಶ್ಚಿತಾರ್ಥದ ದಿನ ಬಿಸಿಲಲ್ಲಿ ನೋಡಿ, ಹುಡುಗೀನ ಬದಲಾಯಿಸಿದ್ದಾರೆ ಅಂತ ನಿಮ್ಮಮ್ಮನ ಹತ್ರ ಪಿಸುಗುಟ್ಟಿದ್ರಂತಲ್ಲ. ಅವತ್ತೇ ನನಗೆ ಅರ್ಥ ಆಗಬೇಕಿತ್ತು" ಎಂದಳು. ಅಮ್ಮ ಇದನ್ನು ಅವಳಿಗೆ ಯಾವಾಗ ಹೇಳಿದಳೋ!

ಆ ಡಬ್ಬಕ್ಕೆ ಬದನೆಕಾಯಿ ವಾಪಸಾಗಿ ಎಷ್ಟೋ ವರ್ಷವಾಯಿತು. ಸುದ್ದಿ ತಿಳಿಯದ ಪಕ್ಕದ ಮನೆಯವರು ಮಾತ್ರ ಸರೋಜಮ್ಮನವರ ಇಲಿ ಹೇಗಿದೆ ಎಂದು ಇನ್ನೂ ಕೇಳುತ್ತಾರೆ. ಚೆನ್ನಾಗಿದ್ದೇನೆ ಎನ್ನುತ್ತೇನೆ.