ಕಡಲೆಕಾಯಿ ಕೆದಕುವ ಗಾಡಿ

ನಮ್ಮ ದೊಡ್ಡಪ್ಪನ ಕೈಗೆ ಕೊಟ್ಟ ಯಾವ ಯಂತ್ರವೂ ಇವತ್ತಿನವರೆಗೆ ರಿಪೇರಿಯಾಗಿ ವಾಪಸು ಬಂದದ್ದಿಲ್ಲ. ಬೇರೆ ಯಂತ್ರವಾಗಿ ಬಂದಿದೆ! ನಾನು ಕೆಟ್ಟ ಮಿಕ್ಸಿ ಕೊಟ್ಟೆ. ಕೋಳಿ ಬೆದರಿಸುವ ಯಂತ್ರ ಬಂತು. ‘ಚಟ್ನಿ ಹೆಂಗೆ ರುಬ್ಬಲಿ ದೊಡ್ಡಪ್ಪಾ?’ ಎಂದರೆ, ‘ಒಳಕಲ್ಲು ಇಲ್ವೇನಮ್ಮ? ಕೋಳಿ ಓಡಿಸಾಕೆ ಏನೈತೆ ನಿನ್ನತ್ರ?’ ಎಂದರು. ಹೌದಲ್ಲ, ಏನೂ ಇರಲಿಲ್ಲ.

ವೈ.ಎನ್. ಹೊಸಕೋಟೆಯಲ್ಲಿ ಮೂವತ್ತು ವರ್ಷ ಮೋಟಾರು ವೈಂಡಿಂಗ್ ಮಾಡಿದ ಮನುಷ್ಯ. ಅಂಗಡಿ ಬಿಟ್ಟ ಮೇಲೆ ಕೈ ಸುಮ್ಮನಿರಬೇಕಲ್ಲ!

ಈಚೆಗೆ ಕಂಟಕ ಬಂದದ್ದು ದೊಡ್ಡಮ್ಮನ ಕಾಲಿಗೆ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಬಿಸಿ, ತಂಪು ಏನೂ ತಿಳಿಯುವುದಿಲ್ಲ. ಬಿತ್ತನೆಯ ಕಡಲೆಕಾಯಿಯನ್ನು ಒಣಗಲೆಂದು ಬಿಸಿಲಿಗೆ ಕಾದ ತಾರಸಿ ಮೇಲೆ ಹರಡಿ, ಬರಿಗಾಲಲ್ಲಿ ಕೆದಕಿ ಕೆದಕಿ ಎಡಗಾಲ ಹೆಬ್ಬೆರಳು ಬೊಬ್ಬೆಯೆದ್ದು ಹುಣ್ಣಾಗಿತ್ತು. ‘ಇನ್ನೊಂದು ಸಲ ಸುಟ್ಟರೆ ಬೆರಳು ತೆಗೀಬೇಕಾಗುತ್ತೆ’ ಎಂದಿದ್ದರು ಪಾವಗಡದ ಡಾಕ್ಟರು.

ಚಪ್ಪಲಿ ಹಾಕಿಕೊಳ್ಳಿ ಎಂದರೆ? ‘ಭೂಮ್ತಾಯಿಗೆ ಹಾಕೋ ಬೀಜ ಕಣಮ್ಮ! ಚಪ್ಪಲಿ ಮೆಟ್ಕಂಡು ತುಳೀಲಾ?’ ಬೇರೆಯವರು ಕೆದಕಲಿ ಎಂದರೆ? ನಮ್ಮದೆಲ್ಲ ಕಾಯಿ ಒಡೆಯುವ ಕಾಲುಗಳಂತೆ!

ದೊಡ್ಡಪ್ಪ ಜಗಳವಾಡಲಿಲ್ಲ. ಮೊಮ್ಮಗಳು ಆಡಿ ಬೇಸತ್ತಿದ್ದ ಆಟದ ಡಬ್ಬಿ ತೆಗೆದರು. ಅದರಲ್ಲಿ ತೂತು ತೂತಿನ ಕಬ್ಬಿಣದ ಪಟ್ಟಿಗಳು, ಚಿಕ್ಕ ಚಿಕ್ಕ ನಟ್ಟು ಬೋಲ್ಟುಗಳು. ಶಿರಾದಿಂದ ತರಿಸಿದ ರಿಮೋಟ್ ಕಾರನ್ನು ಬಿಚ್ಚಿ ಅದರ ಮೋಟಾರು ಕಿತ್ತರು. ಕೆದಕಲು ಹಲ್ಲು ಬೇಕಲ್ಲ? ನನ್ನ ಮದುವೆಗೆ ಉಡುಗೊರೆ ಬಂದಿದ್ದ ಮುಳ್ಳುಚಮಚಗಳು ಹೋದವು. ಹೋಗಲಿ ಬಿಡಿ, ಮುದ್ದೆಯನ್ನು ಮುಳ್ಳುಚಮಚದಲ್ಲಿ ತಿನ್ನುವವರು ನಮ್ಮಲ್ಲಿ ಯಾರಿದ್ದಾರೆ!

ಮೊದಲ ಪರೀಕ್ಷೆ ಬೀದಿಯಲ್ಲಿ ನಡೆಯಿತು. ಎಡಕ್ಕೆ ಒತ್ತಿದರೆ ಬಲಕ್ಕೆ ಹೊರಟ ಗಾಡಿ ಸೀದಾ ಎದುರು ಮನೆಯ ತಿಪ್ಪೆಗೆ ನುಗ್ಗಿತು. ‘ವೈರು ಅದಲು ಬದಲಾಗೈತೆ ಅಷ್ಟೇಯಾ’ ಎಂದು ಸರಿಪಡಿಸಿ, ಹೆಮ್ಮೆಯಿಂದ ಹೊತ್ತು ತಂದರೆ ತಾರಸಿ ಮೆಟ್ಟಿಲಲ್ಲೇ ದೊಡ್ಡಮ್ಮ ಅಡ್ಡ ನಿಂತರು.

‘ತಿಪ್ಪೆ ತುಳಿದಿರೋದ್ನ ಕಾಯಿ ಮೇಲೆ ಬುಡ್ತೀರಾ? ಚಕ್ರ ಅಂದ್ರೆ ಗಾಡಿಗೆ ಚಪ್ಪಲಿ ತಾನೆ?’

ಮೂವತ್ತು ವರ್ಷ ಮೋಟಾರು ಸುತ್ತಿದ ದೊಡ್ಡಪ್ಪ, ‘ಚಕ್ರ ಬಿಚ್ಚಿ ತೊಳೀತೀನಿ ಬುಡು’ ಎಂದು ಸ್ಪ್ಯಾನರ್ ತರಲು ಹೋದರು. ಅಷ್ಟರಲ್ಲಿ ದೊಡ್ಡಮ್ಮ ಇಡೀ ಗಾಡಿಯ ಮೇಲೆ ಒಂದು ಚೆಂಬು ಅರಿಶಿನದ ನೀರು ಸುರಿದು, ಕುಂಕುಮ ಇಟ್ಟು, ‘ಈಗ ನಡೀಲಿ’ ಎಂದುಬಿಟ್ಟರು. ರಿಮೋಟ್ ಒತ್ತಿದರೆ ಮೋಟಾರು ಒಂದು ಸಲ ಬಿಕ್ಕಿ ತೆಪ್ಪಗಾಯಿತು.

‘ಸ್ನಾನ ಮಾಡ್ಸಿ ಕೊಂದ್ಬುಟ್ಯಲ್ಲೇ!’ ಎಂದು ದೊಡ್ಡಪ್ಪ ತಲೆ ಮೇಲೆ ಕೈ ಹೊತ್ತರು.

ಮತ್ತೆ ಬಿಚ್ಚಿ ಕಟ್ಟಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ದೊಡ್ಡಮ್ಮ ಹತ್ತದಂತೆ ದೊಡ್ಡಪ್ಪ ತಾರಸಿಗೆ ಬೀಗ ಜಡಿದು, ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಬೀದಿಯ ಮುಖವನ್ನೇ ನೋಡದ ಹೊಸ ಚಕ್ರಗಳನ್ನೂ ಹಾಕಿದರು. ನಾಲ್ಕನೆಯ ದಿನ ಗಾಡಿ ಗರಗರ ಎನ್ನುತ್ತಾ ಕಾಯಿಯ ಮೇಲೆ ಹೊರಟಿತು. ಒಂದು ಕಾಯಿಯೂ ಒಡೆಯಲಿಲ್ಲ! ನೆರಳಲ್ಲಿ ಕೂತಿದ್ದ ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, ‘ನಿಮ್ಗೆ ಮೂಲೆ ಕೆದ್ಕಾಕೆ ಬರಾಕಿಲ್ಲ, ಕೊಡ್ರಿ ಇಲ್ಲಿ’ ಎಂದು ರಿಮೋಟ್ ಕಿತ್ತುಕೊಂಡರು. ಅಂದಿನಿಂದ ಅವರು ನೆರಳು ಬಿಟ್ಟು ಕದಲಲಿಲ್ಲ.

ತಿಂಗಳ ಮೇಲೆ ಆಸ್ಪತ್ರೆಗೆ ಅವರಿಬ್ಬರ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಪಟ್ಟಿ ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿ, ‘ಹುಣ್ಣು ಪೂರ್ತಿ ವಾಸಿಯಾಗಿದೆ. ಬೆರಳಿಗೆ ಇನ್ನು ಭಯವಿಲ್ಲ’ ಎಂದರು. ಅಬ್ಬಾ! ಯಾವಾಗಲೂ ವಟವಟ ಎನ್ನುವ ದೊಡ್ಡಪ್ಪ ಮೆಲ್ಲಗೆ ಬಗ್ಗಿ, ಗ್ರೀಸಿನ ಕಲೆ ಹೋಗದ ಕೈಯಲ್ಲಿ ಆ ಹೆಬ್ಬೆರಳನ್ನು ಹಿಡಿದುಕೊಂಡರು.

‘ಮುಟ್ಟಿದ್ದು ಗೊತ್ತಾಯ್ತೈತೇನೇ?’

‘ಇಲ್ಲ ಕಣ್ರೀ.’

‘ನಂಗೆ ಗೊತ್ತಾಯ್ತೈತೆ. ಬುಡು, ಅಷ್ಟು ಸಾಕು.’