ಒಂದೂ ಗುಂಡು ಹಾರಿಸದ ಮೇಜರ್

ನಾ ರಜಾಕ್ಕ ಊರಿಗೆ ಬಂದ್ರ ಸಾಕು, ಊರಾಗ ಏನರ ಒಂದು ಕೆಟ್ಟು ಕುಂದರತೈತಿ. ಅದಕ್ಕ ನಾನ ಕಾರಣ ಅಂತ ಮಂದಿ ತೀರ್ಮಾನಾನೂ ಮಾಡಿಬಿಡ್ತಾರ. ನಾನು ಮಿಲಿಟರಿಯೊಳಗ ಮೇಜರ್. ವೈರಿ ರೇಡಿಯೋದಾಗ ಮಾತಾಡೂದನ್ನ ಕದ್ದು ಕೇಳೂದು, ಬೇಕಾದಾಗ ಅದರ ಮ್ಯಾಲ ಗದ್ದಲ ಹಾಕಿ ಒಬ್ಬರ ಮಾತು ಒಬ್ಬರಿಗೆ ಕೇಳದಂಗ ಮಾಡೂದು ನನ್ನ ಕೆಲಸ. ಅದಕ್ಕ ಜಾಮಿಂಗ್ ಅಂತಾರ. ನಮ್ಮ ಮಂದಿ ಲೆಕ್ಕದಾಗ ಅದು ಕೆಲಸಾನ ಅಲ್ಲ.

೧. ಎಷ್ಟು ಮಂದೀನ್ನ ಹೊಡದ್ರಿ?

ಗುಡ್ಡದ ಮ್ಯಾಲಿನ ಯುದ್ಧ ಮುಗಿದ ಮರುವರ್ಷ ರಜಾ ಸಿಕ್ತು. ನಮ್ಮಪ್ಪಂದು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ. ಹರೇದಾಗ ಅಂವ ಮಾಲಿನ ಲಿಲಾವು, ಅಂದ್ರ ಹರಾಜು, ಕೂಗಾಕ ನಿಂತ್ರ ಮೋಟೆಬೆನ್ನೂರಿಗೆ ಕೇಳ್ತಿತ್ತಂತ. ಚೀಟ್ಯಾಗ ರೇಟು ಬರದು ಹಾಕೂ ಪದ್ಧತಿ ಬಂದಮ್ಯಾಲ ಆ ಗಂಟಲಕ್ಕ ಕೆಲಸ ಇಲ್ಲದಂಗಾಗಿತ್ತು. ಮಗ ಯುದ್ಧದಿಂದ ಬಂದಾನಂತ ಅಂಗಡಿ ಮುಂದ ಮಂದಿ ಕೂಡಿಸಿ, ಮಿರ್ಚಿ-ಚುರಮುರಿ ತರಿಸಿ, ನನ್ನ ನಡುವ ಕುಂದರಿಸಿದ.

“ಮೇಜರ್ ಸಾಹೇಬ್ರ, ಎಷ್ಟು ಮಂದೀನ್ನ ಹೊಡದ್ರಿ?” ಅಂತ ಒಬ್ಬ ಹಿರೇ ವ್ಯಾಪಾರಿ ಕೇಳಿದ.

“ಒಬ್ಬನ್ನೂ ಇಲ್ಲರಿ.”

“ಗುಂಡರ ಹಾರಿಸೀರಿಲ್ಲೋ?”

“ಒಂದೂ ಇಲ್ಲರಿ. ವೈರಿ ಮಾತಾಡಾಕತ್ರ ಗದ್ದಲ ಹಾಕ್ತಿದ್ದೆ.”

ಅಂವ ಮಿರ್ಚಿ ಕೈಯಾಗ ಹಿಡಕೊಂಡ ವಿಚಾರ ಮಾಡಿದ. “ಅದಕ್ಕ ಪಗಾರ ಬ್ಯಾರೆ ಕೊಡ್ತಾರ? ನಮ್ಮ ಮೊಮ್ಮಗ ಪುಕ್ಕಟ ಮಾಡ್ತಾನಲ್ರಿ!”

ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ನಮ್ಮಪ್ಪ ನಗಲಿಲ್ಲ. ಮನಿಗೆ ಬಂದು, “ಒಂದ್ ಗುಂಡು ಹಾರಿಸೀನಿ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತೋ?” ಅಂದ.

“ಹಾರಿಸಿದ್ರ ಹೇಳ್ತಿದ್ದೆ. ಹಾರಿಸಿಲ್ಲ, ಹೇಳಂಗಿಲ್ಲ,” ಅಂದೆ.

ಮರುದಿನದಿಂದ, ಮಗ ಏನ್ ಮಾಡ್ತಾನ ಅಂತ ಯಾರರ ಕೇಳಿದ್ರ, ಅಪ್ಪ “ಸರ್ಕಾರಿ ನೌಕರಿ” ಅಂತ ಹೇಳಾಕ ಶುರು ಮಾಡಿದ.

೨. ಹತ್ತು ಓವರ್ ಬಿಡ್ರಿ

ಮುಂದಿನ ರಜಾದಾಗ ಕ್ರಿಕೆಟ್ ಮ್ಯಾಚ್ ನಡುವ ಓಣಿ ಪೂರ್ತಿ ಕೇಬಲ್ ಹೋತು. ನಾ ಬನಿಯನ್ ಮ್ಯಾಲ, ಮುಖಕ್ಕ ಸಾಬಾನ ಹಚ್ಚಿಕೊಂಡು ದಾಡಿ ಮಾಡ್ಕೋತಿದ್ದೆ. ಬಾಗಲದಾಗ ನೋಡ್ತೀನಿ, ಓಣಿಗೆ ಓಣಿನ ನಿಂತೈತಿ.

“ಸಾಹೇಬ್ರ, ನಿಮ್ಮ ಜಾಮಿಂಗ್ ಮಷಿನ್ ಬಂದ್ ಮಾಡ್ರಿ. ಹತ್ತ ಓವರ್ ಅಷ್ಟ ಉಳದಾವು.”

“ನನ್ನ ಕಡೆ ಇರೂದು ಈ ಬ್ಲೇಡ್ ಒಂದ ಐತಿ ಮಾರಾಯ್ರ!”

ಯಾರು ನಂಬ್ತಾರ? ಒಬ್ಬಂವ ಒಳಗ ಬಂದು ನನ್ನ ಟ್ರಂಕಿಗೆ ಕಿವಿ ಹಚ್ಚಿ ಕೇಳಿದ. ಅಷ್ಟೊತ್ತಿಗೆ ನನ್ನ ಹೇಣ್ತಿ ಅಡಗಿ ಮನಿಯಿಂದ ಸೌಟು ಹಿಡಕೊಂಡ ಬಂದ್ಲು.

“ಹೌದ್ರಿ, ನಮ್ಮವರ ಟೀವಿ ಬಂದ್ ಮಾಡ್ಯಾರ. ನಮ್ಮ ಕಾಂಪೌಂಡಿನ ಬಾಜೂಕ ಕಸಾ ಒಗದೀರಲ್ಲ, ಅದನ್ನ ತಗೀರಿ. ಚಾಲೂ ಮಾಡ್ತಾರ.”

ಓಣಿ ಮಂದಿ ಬುಟ್ಟಿ, ಸಲಿಕಿ ತಂದು ಬಡಬಡ ಕಸಾ ಬಳದ್ರು. ಕಡೀ ಬುಟ್ಟಿ ಎತ್ತೂದಕ್ಕೂ, ಎಲ್ಲೋ ಕಂಬದ ಮ್ಯಾಲಿದ್ದ ಕೇಬಲ್‌ನಂವ ವಾಯರ್ ಜೋಡಿಸೂದಕ್ಕೂ ಸರಿಹೋತು. ಟೀವಿ ಬಂತು. ಅವತ್ತಿನಿಂದ ಇವತ್ತಿನತನಕ ನಮ್ಮ ಕಾಂಪೌಂಡಿನ ಬಾಜೂಕ ಒಬ್ಬರೂ ಒಂದು ಬಾಳಿಹಣ್ಣಿನ ಸಿಪ್ಪಿ ಒಗದಿಲ್ಲ.

೩. ಮಾವನ ಪಹರೆ

ರಾಣೆಬೆನ್ನೂರಾಗ ನಮ್ಮ ಮಾವಂದು ಬೀಜದ ಅಂಗಡಿ. ಹೊಸಾ ಮೊಬೈಲ್ ತಗೊಂಡಿದ್ರು, ಮನಿಯಾಗ ಟವರ್ ಸಿಗವಲ್ದು. “ಅಳಿಯಂದ್ರ, ನೀವು ಬಂದಮ್ಯಾಲ ಹೋಗೇತಿ ನೋಡ್ರಿ. ತಗಿಯಾಕ ಬರತೈತಿ ಅಂದ್ರ ತರಾಕೂ ಬರಬೇಕಲ್ಲ?” ಅಂದ್ರು.

ನಾ ಯಾಕ ತಪ್ಪು ಒಪ್ಪಿಕೊಳ್ಳಲಿ? ಫೋನ್ ಹಿಡಕೊಂಡು ಮಾಳಿಗಿ ಪೂರ್ತಿ ತಿರುಗಾಡಿ ನೋಡಿದೆ. ನೀರಿನ ಟಾಕಿ ಮ್ಯಾಲ ಕುಂತ್ರ ಅಷ್ಟ ಮಾತು ಸ್ವಚ್ಛ ಕೇಳ್ತಿತ್ತು. ಮಾವ ದಿನಾ ಮುಂಜಾನಿ ಛತ್ರಿ ಹಿಡಕೊಂಡು ಟಾಕಿ ಏರಿ ವ್ಯಾಪಾರ ಶುರು ಮಾಡಿದ್ರು. ಸಂತಿಗೆ ಹೊಂಟ ಕುಪ್ಪೇಲೂರಿನ ರೈತರು ತಲಿ ಎತ್ತಿ ನೋಡಿ ಹೇಳ್ತಿದ್ರಂತ: “ಮಿಲಿಟರಿ ಅಳಿಯ ಮಾವನ್ನೂ ಪಹರೇಕ್ಕ ಹಚ್ಚಿ ಹೋಗ್ಯಾನ!”

೪. ಹಾವೇರಿ ಸನ್ಮಾನ

ಹಾವೇರಿಯೊಳಗ ಒಂದು ಸಂಘದವರು ಆಗಸ್ಟ್ ಹದಿನೈದಕ್ಕ ಸೈನಿಕರಿಗೆ ಸನ್ಮಾನ ಇಟ್ಟು ನನ್ನೂ ಕರದಿದ್ರು. ಬಸ್ಸಿನ್ಯಾಗ ಅಪ್ಪ ನನ್ನ ಕೈ ಹಿಡಕೊಂಡ. “ಇವತ್ತರ ಒಂದ್ ಗುಂಡು ಅನ್ನಪ್ಪಾ. ಒಂದ. ನಮ್ಮ ಪ್ಯಾಟಿ ಮಂದೆಲ್ಲಾ ಬರ್ತಾರ.”

“ಅಪ್ಪಾ, ಎಲ್ಲಿ ತೋಪು ಹೊಡಿಬೇಕಂತ ವೈರಿ ಹೇಳೂ ಮಾತು ನಾ ಮುಳುಗಿಸಿದ ದಿನ ನಮ್ಮ ಹುಡುಗ್ರು ಜೀವಂತ ಕುಂತು ಚಾ ಕುಡದಾರ. ಅದನ್ನ ಮುಚ್ಚಿಟ್ಟು ಸುಳ್ಳು ಗುಂಡು ಯಾಕ ಹೇಳಲಿ? ಆಗಂಗಿಲ್ಲ.”

ಅಪ್ಪ ಕೈ ಬಿಟ್ಟು ಕಿಡಕಿ ಕಡೆ ತಿರುಗಿದ. ಖರೇ ಹೇಳ್ತೀನಿ, ಊರು ಏನರ ಅನ್ನಲಿ, ನನಗ ಬಿದ್ದಿಲ್ಲ. ನಮ್ಮಪ್ಪ ಒಂದ್ ಸಲ ನಾಲ್ಕು ಮಂದಿ ಮುಂದ “ಇಂವ ನನ್ನ ಮಗ, ಸಿಪಾಯಿ” ಅನ್ನಬೇಕಿತ್ತು. ಅದೊಂದ ಆಸೆ ಇತ್ತು.

ಸ್ಟೇಜಿನ ಮ್ಯಾಲ ನಾ ಇದ್ದದ್ದು ಇದ್ದಂಗ ಹೇಳಿ ಕುಂತೆ. ಆಮ್ಯಾಲ ಮುಖ್ಯ ಅತಿಥಿಯಾಗಿ ಬಂದಿದ್ದ ಪುಢಾರಿ ಮೈಕ್ ಹಿಡದ. “ಕೆಲವರು ಗಡಿಯಾಗ ಗುಂಡಿಗೆ ಎದಿ ಕೊಡ್ತಾರ. ಕೆಲವರು ರೇಡಿಯೋ ಹಚ್ಚಿಕೊಂಡು ಕುಂದರ್ತಾರ. ಇರಲಿ, ಅವರಿಗೂ ಒಂದು ಶಾಲು ಹಾಕೂಣು!” ಮಂದಿ ಗೊಳ್ಳಂತ ನಕ್ರು.

ಮುಂದಿನ ಸಾಲಿನ್ಯಾಗ ನಮ್ಮಪ್ಪ ಎದ್ದ. ರುಮಾಲು ಸರಿ ಮಾಡ್ಕೊಂಡ. ಕಿವಿ ಮ್ಯಾಲ ಕೈ ಇಟ್ಟ.

“ಬರ್ರೀ ಬರ್ರೀ! ಡಬ್ಬಿ ಮೆಣಸಿನಕಾಯೀ! ಕೆಂಪನ್ನ ಕಾಯೀ! ಒಣಗಿದ ಮಾಲೂ! ಕೂಗ್ರಿ ರೇಟೂ! ಒಂದನೇ ಸವಾಲೂ!”

ಅಷ್ಟು ವರ್ಷ ಸುಮ್ಮನಿದ್ದ ಗಂಟಲ! ಪುಢಾರಿ ಮೈಕಿನ್ಯಾಗ ಒದರಾಕತ್ತಿದ್ದ. ಬಾಯಿ ಆಡೂದು ಕಾಣ್ತಿತ್ತು, ಒಂದ್ ಶಬ್ದ ಕೇಳ್ತಿರಲಿಲ್ಲ. ಸಂಘದವರು ಓಡಿ ಬಂದ್ರು. ಅಪ್ಪ ಜಗ್ಗಲಿಲ್ಲ. “ಎರಡನೇ ಸವಾಲೂ!” ಹಿಂದ ಕುಂತಿದ್ದ ಬ್ಯಾಡಗಿ ವ್ಯಾಪಾರಿಗಳು ರೂಢಿ ಮ್ಯಾಲ ಕೈ ಎತ್ತಿ ರೇಟು ಕೂಗಾಕ ಚಾಲೂ ಮಾಡಿದ್ರು. ಕಡೀಕ ಪುಢಾರಿ ಬೆವರು ಒರಸ್ಕೊಂಡು ಮೈಕ್ ಕೆಳಗಿಟ್ಟ.

ಅಪ್ಪ ಗಪ್ಪನ ನಿಲ್ಲಿಸಿದ. ಮಂದಿ ಕಡೆ ತಿರುಗಿದ.

“ಈಗ ಇವರು ಏನಂದ್ರು, ಯಾರಿಗರ ಕೇಳಿಸ್ತೇನ್ರಿ?”

“ಇಲ್ಲರೀ!”

“ಇದ ನೋಡ್ರಿ ನನ್ನ ಮಗನ ಕೆಲಸ! ಯುದ್ಧದಾಗ ವೈರಿಗೆ ಹಿಂಗ ಬಾಯಿ ಮುಚ್ಚಿಸ್ಯಾನ. ಅವನ್ನ ಬೈಯಾಕ ನಾ ಅದೀನಿ, ಇವರ್ಯಾರು? ಇಂವ ನನ್ನ ಮಗ. ಸಿಪಾಯಿ!”

ನನಗ ಕಣ್ಣು ತುಂಬಿ ಏನೂ ಕಾಣವಲ್ದು. ಅಷ್ಟರಾಗ ಹಿಂದಿನ ಸಾಲಿನಿಂದ, ಅವತ್ತು ಅಂಗಡಿ ಮುಂದ ನನಗ ನಕ್ಕಿದ್ದ ಹಿರೇ ವ್ಯಾಪಾರಿ ಎದ್ದು ನಿಂತ.

“ಅದೆಲ್ಲಾ ಖರೇರಿ, ನಾ ಒಪ್ಪಿದೆ. ಆದ್ರ ಕಡೀ ರೇಟು ಕೂಗಿದಂವ ನಾನು. ನನ್ನ ಕಾಯಿ ಎಲ್ಲಿ?”